ಜಿಲೇಬಿಯ ಎಡಗಣ್ಣು

ನನ್ನ ಡೈರಿಯಲ್ಲಿ ಅಮ್ಮನ ಹುಟ್ಟಿದ ದಿನ ಇಲ್ಲ. ಒಂದು ಹಾವು ಪೊರೆ ಬಿಟ್ಟ ದಿನಗಳು ಮಾತ್ರ ಹೊತ್ತಿನ ಸಮೇತ ಇವೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸ ನನ್ನದು. ಹಗಲೆಲ್ಲ ಅಳೆದು, ಬರೆದು, ಸಹಿ ಹಾಕಿದ ಕೈ ಮನೆಗೆ ಬಂದ ಮೇಲೂ ಸುಮ್ಮನಿರುವುದಿಲ್ಲ. ಬೇರೆಯವರ ಡೈರಿಯಲ್ಲಿ ಪ್ರೇಮ, ವಿರಹ ಎಲ್ಲ ಇರುತ್ತವಂತೆ. ನನ್ನದರಲ್ಲಿ ಕೋಣೆಯ ತೇವಾಂಶ ಇದೆ.

ಹಾವಿನ ಹೆಸರು ಜಿಲೇಬಿ. ಕಿತ್ತಳೆ ಬಣ್ಣ, ಸದಾ ಸುತ್ತಿಕೊಂಡು ಮಲಗುವ ಅಭ್ಯಾಸ. ದಾವಣಗೆರೆಯವನಿಗೆ ಬೇರೆ ಹೆಸರು ಹೊಳೆಯಲಿಲ್ಲ. ಅಮೆರಿಕದ ಜಾತಿ, ವಿಷವಿಲ್ಲ. ಜುಫೈರ್‌ನಲ್ಲಿದ್ದ ಸಹೋದ್ಯೋಗಿಯೊಬ್ಬ ಬಹ್ರೇನ್ ಬಿಟ್ಟು ಹೊರಡುವಾಗ ಸೋಫಾವನ್ನು ಒಬ್ಬರಿಗೆ, ಮೈಕ್ರೋವೇವನ್ನು ಇನ್ನೊಬ್ಬರಿಗೆ ಕೊಟ್ಟು, ಯಾರೂ ಕೈಚಾಚದ ಗಾಜಿನ ಪೆಟ್ಟಿಗೆಯನ್ನು ಮಾಹೂಝ್‌ನ ನನ್ನ ಫ್ಲಾಟಿಗೆ ತಂದಿಟ್ಟ. "ನೀನು ಎಲ್ಲವನ್ನೂ ಬರೆದಿಡುವವನು, ನಿನ್ನ ಹತ್ತಿರ ಇದು ಸಾಯುವುದಿಲ್ಲ" ಎಂದ. ಅಷ್ಟು ನಂಬಿಕೆಯ ಮಾತನ್ನು ನನ್ನ ಬಗ್ಗೆ ಯಾರೂ ಆಡಿರಲಿಲ್ಲ, ಒಪ್ಪಿಕೊಂಡೆ. ಅಂದಿನಿಂದ ಫ್ರೀಜರಿನಲ್ಲಿ ಹಸಿ ಬಟಾಣಿಯ ಪಕ್ಕ ಸತ್ತ ಇಲಿಮರಿಗಳ ಪೊಟ್ಟಣ. ವಾರಕ್ಕೊಮ್ಮೆ ಊಟಕ್ಕೆ ಬರುತ್ತಿದ್ದ ಗೆಳೆಯರು ನಾಲ್ವರಿಂದ ಸೊನ್ನೆಗೆ ಇಳಿದದ್ದನ್ನೂ ಡೈರಿಯಲ್ಲಿ ಗುರುತಿಸಿದ್ದೇನೆ.

ಹೆದರದೆ ಬರುತ್ತಿದ್ದವರು ಎದುರು ಫ್ಲಾಟಿನ ಸುಗುಣಕ್ಕ ಮತ್ತು ಅವರ ಗಂಡ ವಾಸಣ್ಣ ಮಾತ್ರ. ಕಾರ್ಕಳದ ಕಡೆಯವರು. ವಾಸಣ್ಣ ಕಟ್ಟಡ ಸಾಮಗ್ರಿಯ ಅಂಗಡಿಯೊಂದರ ಮ್ಯಾನೇಜರು. ಮಕ್ಕಳಿಲ್ಲ. ಊರಿನ ಜೋಯಿಸರು ಅದಕ್ಕೆ ನಾಗದೋಷ ಎಂದು ಹೇಳಿದ್ದರಂತೆ. ಪ್ರತಿ ವರ್ಷ ನಾಗರಪಂಚಮಿಗೆ ಊರಿಗೆ ಹೋಗಿ ಮನೆತನದ ನಾಗಬನದಲ್ಲಿ ತನು ಹಾಕುತ್ತಿದ್ದರು. ಅಂದರೆ ನಾಗನ ಕಲ್ಲಿಗೆ ಹಾಲು, ಎಳನೀರು ಎರೆಯುವುದು.

ಜಿಲೇಬಿಯನ್ನು ಮೊದಲ ಸಲ ಕಂಡಾಗ ಸುಗುಣಕ್ಕ ಚಪ್ಪಲಿ ಹೊರಗೆ ಬಿಟ್ಟು ಬಂದು ಕೈಮುಗಿದರು. "ನಾಗಪ್ಪನನ್ನು ಡಬ್ಬಿಯಲ್ಲಿ ಇಟ್ಟಿದ್ದೀಯಲ್ಲ ಮಾರಾಯ, ನಿಂಗೆ ಹೆದರಿಕೆ ಇಲ್ವಾ?"

"ಇದು ನಾಗರಹಾವಲ್ಲ ಸುಗುಣಕ್ಕ. ಅಮೆರಿಕದ್ದು."

"ಅಮೆರಿಕದ್ದಾದ್ರೆ ಎಂತ? ಅದಕ್ಕೂ ನಾಲಿಗೆ ಸೀಳಿದ್ದೇ ಅಲ್ವಾ?"

ವಾಸಣ್ಣ ಬಾಗಿಲಲ್ಲೇ ನಿಂತು, "ಇದಕ್ಕೆ ಸಿಪಿಆರ್ ಕಾರ್ಡು ಆಗಿದೆಯಾ ಕೇಳು. ಇಲ್ಲದಿದ್ರೆ ನಮಸ್ಕಾರ ಮಾಡಿದ್ದು ವೇಸ್ಟು" ಎಂದರು. ಇಲ್ಲಿ ಆ ಗುರುತಿನ ಚೀಟಿ ಇಲ್ಲದೆ ಯಾರಿಗೂ ಯಾವ ಮರ್ಯಾದೆಯೂ ಇಲ್ಲ.

ಪೊರೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಸಮಾರಂಭಗಳಲ್ಲಿ ಮೈಕು ಹಿಡಿದವರು "ಹಾವು ಪೊರೆ ಕಳಚುವಂತೆ ನಾವೂ ಹಳತನ್ನು ಕಳಚಿ ಹೊಸಬರಾಗಬೇಕು" ಎನ್ನುವುದುಂಟು. ಚಪ್ಪಾಳೆ ಬೀಳುತ್ತದೆ. ನಾನೂ ತಟ್ಟುತ್ತಿದ್ದೆ, ಹತ್ತಿರದಿಂದ ನೋಡಿದ ಮೇಲೆ ನಿಲ್ಲಿಸಿದೆ. ಪೊರೆ ಬಿಡುವುದು ಬಟ್ಟೆ ಬದಲಿಸಿದಂತಲ್ಲ, ಒಂದು ಸಣ್ಣ ಕಾಯಿಲೆ ಬಿದ್ದಂತೆ. ಮೈ ಬಣ್ಣಗೆಡುತ್ತದೆ. ಆಹಾರ ಬೇಡವಾಗುತ್ತದೆ. ಹಾವಿಗೆ ರೆಪ್ಪೆಯಿಲ್ಲ, ರೆಪ್ಪೆಯ ಬದಲು ಕಣ್ಣಿನ ಮೇಲೊಂದು ಪಾರದರ್ಶಕ ಮುಚ್ಚಳ. ಪೊರೆಯ ಜತೆ ಅದೂ ಬಿಡಬೇಕು. ಅದಕ್ಕೆ ಮೊದಲು ಕಣ್ಣು ಅಕ್ಕಿ ತೊಳೆದ ನೀರಿನಂತೆ ಮಂಜಾಗಿ, ಹಾವು ಹೆಚ್ಚುಕಡಿಮೆ ಕುರುಡಾಗುತ್ತದೆ. ಆಗ ಅದಕ್ಕೆ ಬೇಕಾದದ್ದು ಎರಡೇ: ಗಾಳಿಯಲ್ಲಿ ತೇವ, ಮತ್ತು ಯಾರೂ ಮುಟ್ಟದಿರುವುದು. ಹೊಸಬರಾಗಲು ಹೊರಟವರನ್ನು ವೇದಿಕೆಗೆ ಕರೆಯಬಾರದೆಂದು ನನಗೆ ಆಗ ಅನ್ನಿಸಿತು.

ಹೋದ ಬೇಸಿಗೆಯಲ್ಲಿ ವಾಸಣ್ಣ ಅಂಗಡಿಯಲ್ಲೇ ಕುಸಿದು ಬಿದ್ದರು. ಮೆದುಳಿನಲ್ಲಿ ರಕ್ತಸ್ರಾವ. ಐಸಿಯುವಿನಲ್ಲಿ ಯಂತ್ರ ಉಸಿರಾಡಿಸುತ್ತಿತ್ತು. ನಾಗರಪಂಚಮಿ ಬಂತು, ಸುಗುಣಕ್ಕ ಊರಿಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ನಮ್ಮಿಬ್ಬರ ಮನೆಯ ಇನ್ನೊಂದೊಂದು ಕೀಲಿ ಪರಸ್ಪರರ ಹತ್ತಿರ ಇರುತ್ತಿತ್ತು. ಆ ಸಂಜೆ ನಾನು ಕೆಲಸದಿಂದ ಬಂದು ಬಾಗಿಲು ತೆಗೆದರೆ ಹುಳಿ ಹಾಲಿನ ವಾಸನೆ. ಗಾಜಿನ ಪೆಟ್ಟಿಗೆಯಲ್ಲಿ ಹಾಲು ನಿಂತಿತ್ತು. ಕಣ್ಣು ಮಂಜಾಗಿ ಎರಡು ದಿನವಾಗಿದ್ದ ಜಿಲೇಬಿ ನೆತ್ತಿಯ ಮೇಲೆ ಅರಸಿನ ಹೊತ್ತು, ಮೂಲೆಗೆ ಮುಖ ಒತ್ತಿಕೊಂಡು ಕೂತಿತ್ತು. ನಾಗನಿಗೆ ಇಡುವ ಅಡಿಕೆಯ ಹೂವು, ಹಿಂಗಾರ, ಸಿಗದೆ ಮಲ್ಲಿಗೆ ಇಟ್ಟಿದ್ದರು.

ಬೆಚ್ಚಗಿನ ನೀರಿನಲ್ಲಿ ತೊಳೆಯುತ್ತಿರುವಾಗ ಫೋನ್ ಬಂತು. "ಸಿಟ್ಟು ಬಂತಾ ಮಾರಾಯ? ಬನಕ್ಕೆ ಹೋಗ್ಲಿಕ್ಕೆ ಆಗ್ಲಿಲ್ಲ ಅಲ್ವಾ. ಇವ್ರು ಒಮ್ಮೆ ಕಣ್ಣು ಬಿಡ್ಲಿ ಅಂತ ಹೇಳಿ ಹಾಕಿದೆ. ಜೀವ ಇರುವ ನಾಗನೇ ಎದುರು ಉಂಟಲ್ಲ, ಕಲ್ಲಿಗಿಂತ ಬೇಗ ಕೇಳ್ತದೆ ಅಂತ."

ಸಿಟ್ಟು ಬಂದಿಲ್ಲ ಎಂದೆ. ಬಂದಿತ್ತು, ಆ ಮಾತು ಕೇಳಿದ ಮೇಲೆ ಇಡಲು ಜಾಗ ಸಿಗಲಿಲ್ಲ.

ಅಂದಿನಿಂದ ನಮ್ಮಿಬ್ಬರ ನಡುವೆ ದಿನಕ್ಕೊಂದು ವರದಿ. ಅವರು ಆಸ್ಪತ್ರೆಯಿಂದ ವಾಸಣ್ಣನದು ಹೇಳುವುದು, ನಾನು ಜಿಲೇಬಿಯದು. "ಬೆಳಿಗ್ಗೆ ಆರು ನಲವತ್ತಕ್ಕೆ ಕಲ್ಲಿಗೆ ಮೂತಿ ಉಜ್ಜಿತು, ಏಳು ಹತ್ತಕ್ಕೆ ನೀರು ಕುಡಿಯಿತು" ಎಂದರೆ, "ನೀನೆಂತ ರೇಡಿಯೋ ವಾರ್ತೆಯಾ?" ಎಂದು ನಗುತ್ತಿದ್ದರು. ಆ ದಿನಗಳಲ್ಲಿ ಅವರು ನಕ್ಕದ್ದು ಅಷ್ಟೇ ಇರಬೇಕು. ಇಬ್ಬರು ರೋಗಿಗಳ ಸುದ್ದಿಯೂ ಒಂದೇ ತೆರನಾಗಿರುತ್ತಿತ್ತು: ಏನೂ ತಿಂದಿಲ್ಲ, ಕಣ್ಣು ಬಿಟ್ಟಿಲ್ಲ, ನಾಳೆ ನೋಡೋಣ.

ಜಿಲೇಬಿಯ ಪೊರೆ ಯಾವಾಗಲೂ ಒಳಹೊರಗಾದ ಕಾಲುಚೀಲದಂತೆ ಇಡಿಯಾಗಿ ಬರುತ್ತಿತ್ತು. ಈ ಸಲ ಹರಿದು ಚಿಂದಿಯಾಯಿತು. ಬಾಲದಲ್ಲಿ ಬಿಗಿಯಾದ ಉಂಗುರ, ಬೆನ್ನಿನಲ್ಲಿ ತೇಪೆಗಳು, ಎರಡೂ ಕಣ್ಣಿನ ಮೇಲೆ ಹಳೆಯ ಮುಚ್ಚಳ. ಬಾಲದ ಉಂಗುರ ಉಳಿದರೆ ರಕ್ತ ನಿಂತು ತುದಿ ಸಾಯುತ್ತದೆ. ಕಣ್ಣಿನದು ಉಳಿದರೆ ಕೀವಾಗಿ ಕುರುಡಾಗಬಹುದು. ನಾಯಿ ಬೆಕ್ಕು ನೋಡುವ ಡಾಕ್ಟರೊಬ್ಬರು ಒಲ್ಲದ ಮನಸ್ಸಿನಿಂದ ನೋಡಿ, ಒದ್ದೆ ಟವೆಲಿನಲ್ಲಿ ಸುತ್ತಿಡು, ಕಣ್ಣಿನದನ್ನು ಮಾತ್ರ ಕೀಳಬೇಡ, ಕಣ್ಣೇ ಬಂದುಬಿಟ್ಟೀತು ಎಂದರು. ಹಾಲಿನಿಂದ ಹೀಗಾಯಿತೇ ಎಂದು ಕೇಳಿದೆ. ಎಸಿಯ ಒಣ ಗಾಳಿಯೂ ಇರಬಹುದು, ಹಾಲೂ ಇರಬಹುದು ಎಂದರು. ಎಲ್ಲದಕ್ಕೂ ಕಾರಣದ ಕಾಲಂ ಇಡುವ ನಾನು ಅಲ್ಲಿ ಎರಡನ್ನೂ ಬರೆದೆ. ಸುಗುಣಕ್ಕನಿಗೆ ಪೊರೆ ಅಂಟಿಕೊಂಡಿದೆ ಎಂದಷ್ಟೇ ತಿಳಿಸಿದೆ. ಅಷ್ಟೂ ಹೇಳಬಾರದಿತ್ತು.

ಅದಾದ ಮೂರನೆಯ ದಿನ ವಾಸಣ್ಣ ಹೋದರು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಸುಗುಣಕ್ಕ ಅಳುತ್ತಿರಲಿಲ್ಲ. ತಮ್ಮ ಬಲಗೈಯನ್ನು ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡು ನೋಡುತ್ತಿದ್ದರು. "ಹಾಲು ಹಾಕಿದ್ದು ಈ ಕೈ. ಅದಕ್ಕೆ ಹೀಗಾಯ್ತು, ಇವ್ರಿಗೆ ಹಾಗಾಯ್ತು. ನನ್ನ ಕೈಯೇ ಸರಿ ಇಲ್ಲ."

ಮೆದುಳಿನ ರಕ್ತಸ್ರಾವಕ್ಕೂ ಹಾವಿಗೂ ಸಂಬಂಧವಿಲ್ಲ ಎಂದು ನಾನು ವಿವರಿಸಬಹುದಿತ್ತು. ಆದರೆ ಆ ಕೈಯನ್ನು ನೋಡುತ್ತಿದ್ದವರಿಗೆ ವಿವರಣೆ ಬೇಕಿರಲಿಲ್ಲ. ಆರೋಗ್ಯವಾಗಿರುವ ಹಾವು ಬೇಕಿತ್ತು. ದೇಹವನ್ನು ಊರಿಗೆ ಒಯ್ಯುವ ಕಾಗದಪತ್ರಕ್ಕೆ ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನದಲ್ಲಿ ಜಿಲೇಬಿಯ ಮೈಮೇಲೆ ಪೊರೆಯ ಒಂದು ಚೂರೂ ಉಳಿಯಬಾರದು, ಅವರು ಈ ಕೈಯ ಮಾತನ್ನು ವಿಮಾನ ಹತ್ತಿಸಬಾರದು ಎಂದು ನಿಶ್ಚಯಿಸಿದೆ. ರಜೆ ಹಾಕಿದೆ. ಹಗಲು ವಾಸಣ್ಣನ ಕಂಪನಿ, ಆಸ್ಪತ್ರೆ, ರಾಯಭಾರ ಕಚೇರಿ ಎಂದು ಅವರ ಜತೆ ಓಡಾಟ. ಬೆಳಿಗ್ಗೆ ಸಂಜೆ ಒದ್ದೆ ಟವೆಲು. ಎಸಿ ಆರಿಸಿದೆ. ಬಹ್ರೇನಿನ ಆಗಸ್ಟಿನಲ್ಲಿ ಎಸಿ ಆರಿಸಿ ಕೂತವನು ಹಾವಿಗಿಂತ ಮೊದಲು ತಾನೇ ಪೊರೆ ಬಿಡುತ್ತಾನೆ. ಬೆನ್ನಿನ ತೇಪೆಗಳು ಹೋದವು. ಬಾಲದ ಉಂಗುರ ಸಡಿಲಿ ಜಾರಿತು. ಬಲಗಣ್ಣಿನ ಮುಚ್ಚಳ ಟವೆಲಿಗಂಟಿ ಬಂತು. ಎಡಗಣ್ಣಿನದು ಬರಲಿಲ್ಲ. ಚಿಮಟ ಕೈಗೆತ್ತಿಕೊಂಡು ಎರಡು ಸಲ ಕೆಳಗಿಟ್ಟೆ.

ಹೊರಡುವ ಸಂಜೆ ಸುಗುಣಕ್ಕ ನನ್ನ ಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದೆ.

"ಬರ್ಲಿಕ್ಕಿಲ್ಲ. ಸೂತಕ ಉಂಟಲ್ಲ, ನಾಗನ ಎದುರು ಬರಬಾರ್ದು." ತಮ್ಮ ಹತ್ತಿರವಿದ್ದ ನನ್ನ ಮನೆಯ ಕೀಲಿಯನ್ನು ಹೊಸ್ತಿಲ ಮೇಲಿಟ್ಟರು. "ನೀನೇ ಹೇಳು. ಹೇಗುಂಟು?"

ಅವರು ಬಂದು ನೋಡುವಂತಿಲ್ಲ. ನಾನು ಹೇಳಿದ್ದೇ ಅವರ ಪಾಲಿಗೆ ಹಾವು.

"ಪೂರ್ತಿ ಬಿಟ್ಟಿತು ಸುಗುಣಕ್ಕ. ಎರಡೂ ಕಣ್ಣು."

ಅವರು ನನ್ನ ಮುಖ ನೋಡಿದರು. "ಹೌದಾ. ಒಳ್ಳೇದಾಯ್ತು" ಎಂದು, ಒಳಗಿನ ಕೋಣೆಯ ಕಡೆ ಮುಖ ಮಾಡಿ, ಕೈಮುಗಿಯದೆ, ತಲೆ ಮಾತ್ರ ಬಾಗಿಸಿ ಹೋದರು. ಆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು.

ಎರಡು ತಿಂಗಳಾಗುತ್ತ ಬಂದಾಗ ಜಿಲೇಬಿಯ ಕಣ್ಣು ಮತ್ತೆ ಮಂಜಾಯಿತು. ಈ ಸಲ ತೇವದ ವ್ಯವಸ್ಥೆ ಮೊದಲೇ ಮಾಡಿದ್ದೆ. ಪೊರೆ ಇಡಿಯಾಗಿ ಬಂತು. ಕಾಗದದ ಮೇಲೆ ಹರಡಿ ನೋಡಿದರೆ ಎಡಗಣ್ಣಿನ ಜಾಗದಲ್ಲಿ ಮುಚ್ಚಳ ಎರಡು, ಒಂದರ ಮೇಲೊಂದು ಅಂಟಿಕೊಂಡಿದ್ದವು. ಸಂತೋಷದಲ್ಲಿ ಹಿಂದುಮುಂದು ನೋಡದೆ ಕಾರ್ಕಳಕ್ಕೆ ಫೋನ್ ಮಾಡಿದೆ. "ಸುಗುಣಕ್ಕ, ಎಡಗಣ್ಣು ಬಿಟ್ಟಿತು!"

ಹೇಳಿದ ಮೇಲೆ ಹೊಳೆಯಿತು, ಏನು ಹೇಳಿಬಿಟ್ಟೆ ಎಂದು.

"ಎಷ್ಟು ಹೊತ್ತಿಗೆ?"

"ಬೆಳಿಗ್ಗೆ ಏಳು ಇಪ್ಪತ್ತಕ್ಕೆ."

"ಹಾಂ, ಹಾಗೆ ಹೇಳು. ಅವತ್ತು ನೀನು ಟೈಮ್ ಹೇಳ್ಲೇ ಇಲ್ಲ ಮಾರಾಯ. ಆಗ್ಲೇ ಗೊತ್ತಾಯ್ತು ನಂಗೆ."

"ಗೊತ್ತಿದ್ದೂ ಸುಮ್ಮನೆ ಹೋದಿರಾ?"

"ಮತ್ತೆಂತ ಮಾಡೂದು? ಸುಳ್ಳು ಹೇಳ್ಲಿಕ್ಕೆ ಬಾರದವನು ನಂಗೋಸ್ಕರ ಹೇಳಿದ್ದಾನೆ. ಅದನ್ನೂ ಬೇಡ ಅನ್ಲಿಕ್ಕಾಗ್ತದಾ?" ಮತ್ತೆ ತಾವೇ ಹೇಳಿದರು: "ಬಂದ ಮೇಲೆ ಬನದ ಕಡೆ ಹೋಗ್ಲಿಲ್ಲ ನಾನು. ನನ್ನ ಕೈಯ ಹೆದರಿಕೆ ನಂಗೇ. ನಾಳೆ ಹೋಗ್ತೇನೆ. ಕಲ್ಲಿನ ನಾಗನಿಗೆ ಎಷ್ಟು ಹಾಲು ಹಾಕಿದ್ರೂ ತೊಂದ್ರೆ ಇಲ್ಲ ಅಲ್ವಾ?"

ಇಲ್ಲ ಎಂದೆ. ಬೇಕಾದರೆ ಎಷ್ಟು ಲೀಟರು ಎಂದು ಬರೆದಿಡುತ್ತೇನೆ ಎಂದೆ. ಬೈದರು. ವಾಸಣ್ಣ ಹೋದ ಮೇಲೆ ಮೊದಲ ಸಲ ಬೈದದ್ದು.

ಅವರು ಹೊರಟ ದಿನದ ಸಾಲು ಡೈರಿಯಲ್ಲಿದೆ: "ಎರಡೂ ಕಣ್ಣು ಬಿಟ್ಟಿತು." ಅದರ ಮುಂದೆ ಹೊತ್ತಿನ ಜಾಗ ಖಾಲಿ. ಈಗ ಏಳು ಇಪ್ಪತ್ತು ಎಂದು ತುಂಬಬಹುದು, ಯಾರೂ ಪರೀಕ್ಷಿಸುವವರಿಲ್ಲ. ತುಂಬಿಲ್ಲ. ಇಷ್ಟೆಲ್ಲ ಬರೆದಿಡುವವನ ಪುಸ್ತಕದಲ್ಲಿ ಸುಗುಣಕ್ಕನಂಥವರು ಓದುವುದು ಆ ಖಾಲಿ ಜಾಗವನ್ನೇ.