ಪೈಪಿನೊಳಗಿನ ಚೀಲ

ತುಮಕೂರಿನ ನಮ್ಮ ಹೊಸ ಮನೆಯ ಕೀ ಕೈಗೆ ಬಂದ ವಾರದಲ್ಲೇ ಬಾತ್‌ರೂಮಿನಲ್ಲಿ ನೀರು ಇಳಿಯದೆ ನೆಲದಲ್ಲೇ ನಿಲ್ಲತೊಡಗಿತು. ಫೋನ್ ಮಾಡಿದರೆ ಬಿಲ್ಡರ್, "ಹೊಸ ಮನೆ ಅಲ್ವಾ ಸಾರ್, ಸೆಟ್ ಆಗುತ್ತೆ ಬಿಡಿ" ಅಂದರು. ಭಾನುವಾರ ಗುಬ್ಬಿಯಿಂದ ಅಮ್ಮ ಬರುವವರಿದ್ದರು. ಹಿಂದೊಮ್ಮೆ ಬಾತ್‌ರೂಮಿನಲ್ಲೇ ಜಾರಿ ಬಿದ್ದು ಸೊಂಟ ಮುರಿದುಕೊಂಡವರು. ನನಗೆ ಅದೇ ಹೆದರಿಕೆ.

ನೆಲದ ಮೇಲಿನ ಸಿಮೆಂಟ್ ಕಲೆ ಉಜ್ಜಲು ಹುಲಿಯೂರುದುರ್ಗದ ಕಡೆಯ ರತ್ನಮ್ಮ ಬಂದಿದ್ದರು. ಅವರಿಗೆ ನಿಂತ ನೀರು ತೋರಿಸಿ ಅಮ್ಮನ ವಿಷಯ ಹೇಳಿದೆ. ಉಜ್ಜುವುದು ನಿಲ್ಲಿಸಿ, "ಬೈಬಾರ್ದು ಸಾರ್. ನೀರು ಹೋಗೋ ಪೈಪಿಗೆ ಸಿಮೆಂಟ್ ಚೀಲ ತುರುಕಿದ್ದು ನಾನೇ" ಅಂದರು.

"ನೀವಾ?"

"ಈ ಮನೆ ಕಟ್ಟೋವಾಗ ಸಿಮೆಂಟ್ ಹೊತ್ತೋಳು ನಾನೇ. ಒಳಕ್ಕೆ ಏನೂ ಬೀಳ್ದಂಗೆ ತುರುಕಮ್ಮ ಅಂದ್ರು ಮೇಸ್ತ್ರಿ, ತುರುಕ್ದೆ. ತೆಗಿ ಅಂತ ಯಾರೂ ಹೇಳ್ಲೇ ಇಲ್ಲ."

ರೇಗಬೇಕೋ ನಗಬೇಕೋ ತಿಳಿಯಲಿಲ್ಲ. ರತ್ನಮ್ಮ ಜಾಲರಿ ಎತ್ತಿ, ತುದಿ ಬಗ್ಗಿಸಿದ ಕಂಬಿ ಇಳಿಸಿ, ಕಾಲು ಗಂಟೆ ಗುದ್ದಾಡಿ ಚೀಲವನ್ನು ಹೊರಗೆಳೆದರು. ನೀರು ಗುಳುಗುಳು ಅಂತ ಇಳಿದುಹೋಯಿತು. ಅವರ ಮುಖ ನನ್ನದಕ್ಕಿಂತ ಹೆಚ್ಚು ಅರಳಿತ್ತು. "ಅಮ್ಮೋರ್ನ ಧೈರ್ಯವಾಗಿ ಕರ್ಕೊಂಬನ್ನಿ" ಅಂದರು.

ಕೈ ತೊಳೆಯುತ್ತಾ ಮೆಲ್ಲಗೆ, "ಪಕ್ಕದ ಮನೇಲೂ ನಾನೇ ತುರುಕಿರೋದು. ಅವ್ರಿಗೆ ಹೆಂಗ್ ಹೇಳೋದು ಸಾರ್?" ಅಂತ ಕೇಳಿದರು.

ಇಬ್ಬರೂ ಹೋಗಿ ಬೆಲ್ ಒತ್ತಿದೆವು. ಬಾಗಿಲು ತೆರೆದ ಯಜಮಾನರು ನನ್ನನ್ನೇ ಪ್ಲಂಬರ್ ಅಂದುಕೊಂಡು, "ಅಂತೂ ಬಂದ್ಯಲ್ಲಪ್ಪ!" ಅಂತ ಸಂಭ್ರಮದಿಂದ ಒಳಗೆ ಕರೆದರು. ಹೊಸ ಬೀದಿಯಲ್ಲಿ ನನಗೆ ಸಿಕ್ಕ ಮೊದಲ ಸ್ವಾಗತ ಅದು.