ಕಡ್ಡಿ ಸಿಕ್ಕಿಕೊಂಡರೆ ಕೈ ಎತ್ತಿ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನಾನು ಟೈಪಿಂಗ್ ಕಲಿತೆ. ಅರವತ್ತರ ದಶಕದ ಮಾತು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಗೆ ಗಂಡು ಗೊತ್ತಾಗುವ ತನಕ ಮನೆಯವರು ಕಲಿಯಲು ಬಿಡುತ್ತಿದ್ದದ್ದು ಎರಡೇ, ಹೊಲಿಗೆ ಅಥವಾ ಟೈಪಿಂಗ್. ಹೊಲಿಗೆಯಲ್ಲಿ ನನ್ನ ಕೈ ಪಳಗಲಿಲ್ಲ. ನಾನು ಹೊಲಿದ ಲಂಗವನ್ನು ನಮ್ಮಜ್ಜಿ ಎರಡೂ ಕೈಯಲ್ಲಿ ಎತ್ತಿ ಹಿಡಿದು, ಇದರಲ್ಲಿ ಕಾಲು ಹಾಕುವ ಜಾಗ ಯಾವುದು ಎಂದು ಕೇಳಿದ ಮೇಲೆ ಹೊಸಮನೆಯಿಂದ ದಿನಾ ನಡೆದು ಆ ಮಾಳಿಗೆಯ ಮೆಟ್ಟಿಲು ಹತ್ತತೊಡಗಿದೆ.

ಅಲ್ಲಿದ್ದ ಟೈಪ್ ಮಿಷನ್ನುಗಳು ಬೆರಳೆಣಿಕೆಯಷ್ಟು, ಕಲಿಯುವವರು ಊರಿಡೀ. ಹಾಗಾಗಿ ಒಂದೊಂದು ಮಿಷನ್ನಿನ ಮುಂದೆ ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಬ್ಬರು ಕೂರಬೇಕು. ಯಾರಿಗೂ ಸ್ವಂತದ್ದಲ್ಲದ ವಸ್ತು ಬೇಗ ಕೆಡುತ್ತದೆ ಎಂಬ ಭಯ ನಮ್ಮ ಮೇಷ್ಟ್ರಿಗೆ ಹಗಲೂ ರಾತ್ರಿ. ಅದಕ್ಕೇ ಗೋಡೆಗೆ ಒಂದು ಕರಿ ಹಲಗೆ ಹೊಡೆಸಿ, ಬಿಳಿ ಬಣ್ಣದಲ್ಲಿ ತಮ್ಮ ಕೈಯಾರೆ ನಿಯಮಗಳನ್ನು ಬರೆದಿದ್ದರು. ಬಾಗಿಲ ಬಳಿಯ ಹಂಡೆಯಲ್ಲಿ ಕೈ ತೊಳೆದು ಒರೆಸಿಕೊಂಡೇ ಒಳಗೆ ಬರಬೇಕು. ಬಾಯಲ್ಲಿ ಎಲೆಅಡಿಕೆ ಇರಕೂಡದು. ಅಕ್ಷರಗಳನ್ನು ನೋಡಿ ಒತ್ತಕೂಡದು. ಇದನ್ನು ನಾವು ಪಾಲಿಸುತ್ತೇವೆಂದು ನಂಬದೆ ಅಕ್ಷರಗಳ ಮೇಲೆ ಒಂದು ತಗಡಿನ ಮುಚ್ಚಳವನ್ನೂ ಹಾಕಿಸಿದ್ದರು. ಗಂಟೆ ಹೊಡೆದ ಮೇಲೆ ಒಂದಕ್ಷರವನ್ನೂ ಒತ್ತದೆ ಎದ್ದು ಮುಂದಿನವರಿಗೆ ಜಾಗ ಬಿಡಬೇಕು. ಹೆಣ್ಣುಮಕ್ಕಳು ಬಳೆ ತೆಗೆದಿಡಬೇಕು, ಇಲ್ಲವೇ ಮೇಲಕ್ಕೆ ಸರಿಸಿ ಕರವಸ್ತ್ರದಲ್ಲಿ ಕಟ್ಟಿಕೊಳ್ಳಬೇಕು.

ಬಳೆಯ ನಿಯಮ ಕೇಳಿ ಅಜ್ಜಿ ಕೆಂಡವಾದಳು. "ಬರಿಗೈಲಿ ಕೂರೋಕೆ ನಿಂಗೇನಾಗಿದೆ ಬರಬಾರದ್ದು? ಆ ಮೇಷ್ಟ್ರಿಗೆ ಹೆಂಡ್ತಿ ಮಕ್ಕಳು ಇಲ್ವೇನೇ?" ನಾನು ಕಟ್ಟಿಕೊಂಡೇ ಕೂರುತ್ತಿದ್ದೆ. ಗಂಟೆ ಮುಗಿಯುವಷ್ಟರಲ್ಲಿ ಮೊಣಕೈ ಕೆಳಗೆ ಬಳೆಗಳ ಗುರುತು ಕೆಂಪಗೆ ಮೂಡಿರುತ್ತಿತ್ತು.

ಹಲಗೆಯ ಕೊನೆಯ ಸಾಲು ಮಾತ್ರ ಕೆಂಪು ಬಣ್ಣದ್ದು. ಕಡ್ಡಿ ಸಿಕ್ಕಿಕೊಂಡರೆ ಮಿಷನ್ನಿಗೆ ಕೈ ಹಾಕಕೂಡದು, ಕೈ ಎತ್ತಿ ಕಾಯಬೇಕು.

ಟೈಪ್ ಮಿಷನ್ ನೋಡದವರಿಗೆ ಹೇಳುತ್ತೇನೆ. ಒಂದೊಂದು ಅಕ್ಷರಕ್ಕೆ ಒಂದೊಂದು ಸಣ್ಣ ಕಬ್ಬಿಣದ ಕಡ್ಡಿ. ಅಕ್ಷರ ಒತ್ತಿದಾಗ ಆ ಕಡ್ಡಿ ಎದ್ದು ಹೋಗಿ ಕಾಗದಕ್ಕೆ ಹೊಡೆದು ಹಿಂದಕ್ಕೆ ಬೀಳುತ್ತದೆ. ವೇಗವಾಗಿ ಒತ್ತುವಾಗ ಎರಡು ಕಡ್ಡಿಗಳು ಒಟ್ಟಿಗೆ ಎದ್ದು ಒಂದಕ್ಕೊಂದು ಕಚ್ಚಿಕೊಂಡು ನಿಂತುಬಿಡುತ್ತವೆ. ಆಮೇಲೆ ಏನು ಒತ್ತಿದರೂ ಮಿಷನ್ ಅಲ್ಲಾಡುವುದಿಲ್ಲ. ಮೇಷ್ಟ್ರು ತಮ್ಮ ಹಳೆಯ ಮಿಷನ್ನುಗಳನ್ನು ಮದ್ರಾಸಿನಿಂದ ತರಿಸಿದ್ದರು. ಯಾರೋ ಅವಸರಕ್ಕೆ ಎಳೆದು ಒಂದು ಕಡ್ಡಿ ಬಗ್ಗಿದರೆ ಸರಿ ಮಾಡಲು ಬೆಂಗಳೂರಿನಿಂದ ಜನ ಬರಬೇಕು. ಅಲ್ಲಿಯವರೆಗೆ ಆ ಮಿಷನ್ನಿನ ಅಷ್ಟೂ ಮಂದಿ ಕೈ ಕಟ್ಟಿಕೊಂಡು ಮನೆಯಲ್ಲಿರಬೇಕು. ನಿಯಮಕ್ಕೆ ಕಾರಣವಿತ್ತು. ಅದನ್ನು ಒಪ್ಪದಷ್ಟು ಅವಿವೇಕಿ ನಾನಲ್ಲ.

ಒಂದು ಸಲ ಕಾಲೇಜಿನ ಹುಡುಗನೊಬ್ಬ ಸಿಕ್ಕಿಕೊಂಡ ಕಡ್ಡಿಯನ್ನು ಬೆರಳಿನಿಂದ ಬಿಡಿಸಿಕೊಂಡ. ಮೇಷ್ಟ್ರು ಕೂಗಾಡಲಿಲ್ಲ. ಅವನ ಕಾಗದವನ್ನು ಮಿಷನ್ನಿನಿಂದ ಬಿಡಿಸಿ, ಮಡಚಿ ಅವನ ಜೇಬಿಗಿಟ್ಟು, ಮೆಟ್ಟಿಲು ತೋರಿಸಿದರು. ಅವನೇನೋ ಸಿಳ್ಳೆ ಹಾಕುತ್ತಾ ಇಳಿದುಹೋದ. ಅವನಿಗೆ ಅಪ್ಪನ ಅಂಗಡಿ ಇತ್ತು. ಮೇಲೆ ಕೂತಿದ್ದ ನಾವು ಮಾತ್ರ ಕೈಗಳನ್ನು ಮಿಷನ್ನಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡೆವು.

ನನ್ನ ಮಿಷನ್ನಿನಲ್ಲಿ ನನಗಿಂತ ಮುಂಚಿನ ಗಂಟೆ ಭದ್ರಾವತಿಯ ಒಬ್ಬ ಹುಡುಗಿಯದು. ಬೆಳಗಿನ ರೈಲಿಗೆ ಬಂದು, ಬುರ್ಖಾ ತೆಗೆದು ಗೂಟಕ್ಕೆ ಹಾಕಿ, ಕೈ ತೊಳೆದು ಕೂತರೆ ಗಂಟೆ ಹೊಡೆಯುವವರೆಗೆ ತಲೆ ಎತ್ತುತ್ತಿರಲಿಲ್ಲ. ನಾನು ಬೇಗ ಬಂದು ಅವಳ ಹಿಂದೆ ನಿಂತಿರುತ್ತಿದ್ದೆ. ಅವಳ ಬೆರಳು ನಮ್ಮೆಲ್ಲರಿಗಿಂತ ಚುರುಕು. ಏಳುವಾಗ ಕುರ್ಚಿ ತಟ್ಟಿ, "ಬಿಸಿ ಮಾಡಿಟ್ಟಿದ್ದೀನಿ, ಕೂತ್ಕೋ ಮಾರಾಯ್ತಿ" ಅನ್ನುತ್ತಿದ್ದಳು. ಮನೆಯಲ್ಲಿ ರೊಟ್ಟಿ ಹಿಟ್ಟಿನ ಮೇಲೂ ಬೆರಳು ಆಡಿಸುತ್ತಾಳೆ ಎಂದು ಅವಳ ಅಮ್ಮಿ ಬೈಯುತ್ತಿದ್ದರಂತೆ.

ನಾನು ಕಾಲ ಕಳೆಯಲು ಬಂದವಳು. ಅವಳು ಹಾಗಲ್ಲ. ಅವಳ ತಂದೆ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಲಾರಿ ಡ್ರೈವರ್ ಆಗಿದ್ದವರು, ಹಿಂದಿನ ವರ್ಷ ಎದೆನೋವಿನಿಂದ ತೀರಿಕೊಂಡಿದ್ದರು. ಗಂಡುಮಕ್ಕಳಿಲ್ಲ. ಇವಳ ಕೆಳಗೆ ಇಬ್ಬರು ತಂಗಿಯರು. ಅವರಿದ್ದದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ಮನೆಯಲ್ಲಿ ಕಾರ್ಖಾನೆಯ ಕೆಲಸದಲ್ಲಿರುವವರು ಇಲ್ಲವೆಂದರೆ ಖಾಲಿ ಮಾಡಬೇಕು. ಆಫೀಸಿನ ಸಾಹೇಬರೊಬ್ಬರು ಮನಸ್ಸು ಮಾಡಿ, ಹುಡುಗಿ ಈ ಸಲದ ಟೈಪಿಂಗ್ ಪರೀಕ್ಷೆ ಪಾಸು ಮಾಡಿಕೊಂಡು ಬಂದರೆ ಟೈಪಿಸ್ಟ್ ಕೆಲಸ ಕೊಡೋಣ, ಅಲ್ಲಿಯವರೆಗೆ ಮನೆಯಲ್ಲಿರಲಿ ಎಂದಿದ್ದರು. ಈ ಸಲದ ಪರೀಕ್ಷೆ ಮಾತ್ರ. ಅವಳ ಹತ್ತು ಬೆರಳಿನ ಮೇಲೆ ನಾಲ್ಕು ಜನರ ಸೂರು ನಿಂತಿತ್ತು.

ಪರೀಕ್ಷೆಗೆ ನಮ್ಮ ಮಿಷನ್ ನಾವೇ ಒಯ್ಯಬೇಕು. ಆಗಿನ ಪದ್ಧತಿ ಅದು. ಆವತ್ತು ಬೆಳಿಗ್ಗೆ ಮೇಷ್ಟ್ರು ಎತ್ತಿನ ಗಾಡಿಗೆ ಹುಲ್ಲು ಹಾಸಿ, ಮಿಷನ್ನುಗಳನ್ನು ಗೋಣಿಚೀಲದಲ್ಲಿ ಸುತ್ತಿ ಮಲಗಿಸಿ, ಅವುಗಳ ಮೇಲೆ ಕೈ ಇಟ್ಟುಕೊಂಡು ಪಕ್ಕದಲ್ಲೇ ನಡೆದರು. ಆಸ್ಪತ್ರೆಗೆ ತುಂಬು ಬಸುರಿಯನ್ನು ಕರೆದೊಯ್ಯುವವರೂ ಅಷ್ಟು ನಾಜೂಕು ಮಾಡುವುದಿಲ್ಲ. ಆದರೂ ರಸ್ತೆ ರಸ್ತೆಯೇ. ಹಳ್ಳ ಬಂದಾಗಲೆಲ್ಲ ಗೋಣಿಯೊಳಗಿಂದ ಗಲ್ ಎಂಬ ಸದ್ದು ಬರುತ್ತಿತ್ತು.

ಪರೀಕ್ಷೆ ಒಂದು ಶಾಲೆಯ ಹಾಲಿನಲ್ಲಿ. ಮೊದಲ ತಂಡದಲ್ಲಿ ನಾನು, ಅದೇ ಮಿಷನ್ನಿನಲ್ಲಿ ಎರಡನೆಯ ತಂಡಕ್ಕೆ ಅವಳು. ನಾನು ಬರೆಯುವಾಗ ಒಂದೆರಡು ಕಡ್ಡಿಗಳು ಹಿಂದಕ್ಕೆ ಬೀಳಲು ತಡ ಮಾಡುತ್ತಿದ್ದವು. ನನ್ನದು ಬಸವನ ಹುಳುವಿನ ವೇಗವಾದ್ದರಿಂದ ತೊಂದರೆಯಾಗಲಿಲ್ಲ. ಹೊರಗೆ ಬಂದವಳೇ ಅವಳಿಗೆ ಹೇಳಿದೆ.

"ಕಡ್ಡಿ ಸ್ವಲ್ಪ ಹಿಡೀತಿದೆ ಕಣೇ. ನಿಧಾನಕ್ಕೆ ಹೊಡಿ."

"ನಿಧಾನಕ್ಕೆ ಹೊಡೆದ್ರೆ ಮುಗಿಯಲ್ವಲ್ಲೇ. ಇರ್ಲಿ ಬಿಡು, ಸಾರ್ ಇದಾರಲ್ಲ" ಎಂದು ಒಳಗೆ ಹೋದಳು.

ಸಾರ್ ಇದ್ದರು, ಹೊರಗೆ. ಕಲಿಸಿದ ಮೇಷ್ಟ್ರು ಪರೀಕ್ಷೆಯ ಹಾಲಿಗೆ ಕಾಲಿಡುವಂತಿಲ್ಲ. ಒಳಗಿನವರೊಡನೆ ಮಾತಾಡಿದರೆ ಆ ವಿದ್ಯಾರ್ಥಿಯ ಪರೀಕ್ಷೆ ರದ್ದು. ಇದು ಮೇಷ್ಟ್ರಿಗೆ ಗೊತ್ತಿತ್ತು. ಆದರೆ ನಮ್ಮ ಮಾಳಿಗೆಯಲ್ಲಿ ಅಷ್ಟೊಂದು ಸಲ ಪರೀಕ್ಷೆಯ ಹಾಗೇ ಕೂರಿಸಿ ಬರೆಸಿದವರಿಗೆ, ಕಡ್ಡಿ ಸಿಕ್ಕಿಕೊಂಡರೆ ಅಲ್ಲಿ ಬಿಡಿಸುವವರು ಯಾರು ಎಂಬ ಯೋಚನೆ ಒಮ್ಮೆಯೂ ಬರಲಿಲ್ಲ. ನಮಗೂ ಬರಲಿಲ್ಲ. ಎಷ್ಟು ಸಲ ಕೈ ಎತ್ತಿದ್ದೆವೋ ಅಷ್ಟು ಸಲವೂ ಅವರು ಬಂದಿದ್ದರು.

ವೇಗದ ಪರೀಕ್ಷೆ ಹತ್ತೇ ನಿಮಿಷ. ಮೇಷ್ಟ್ರೂ ನಾನೂ ಅಂಗಳದ ಕಡೆಯ ಕಿಟಕಿಯಲ್ಲಿ ನಿಂತಿದ್ದೆವು. ಗಂಟೆ ಹೊಡೆಯಿತು. ಇಡೀ ಹಾಲು ಸೋನೆ ಮಳೆ ತಗಡಿಗೆ ಬಿದ್ದ ಹಾಗೆ ಸದ್ದು ಮಾಡತೊಡಗಿತು. ಅವಳು ಸರಸರನೆ ಎರಡು ಸಾಲು ಮುಗಿಸಿ ಮೂರನೆಯದಕ್ಕೆ ಹೋದವಳು ಫಕ್ಕನೆ ನಿಂತಳು. ತೊಡೆಯ ಮೇಲೆ ಎಡಗೈ ಇಟ್ಟುಕೊಂಡು ಬಲಗೈ ಎತ್ತಿದಳು.

ಮೇಲ್ವಿಚಾರಕರು ಯಾವುದೋ ಶಾಲೆಯವರು, ಟೈಪಿಂಗ್ ಗೊತ್ತಿಲ್ಲದವರು. ಕಾಗದ ಬೇಕೇನೋ ಎಂದುಕೊಂಡು ಒಂದು ಹಾಳೆ ತಂದು ಮೇಜಿನ ಮೇಲಿಟ್ಟರು. ಅವಳು ಮಿಷನ್ ತೋರಿಸಿದಳು. ಅವರ ಮಾತು ನಮಗೆ ಕೇಳಿಸಿತು.

"ಮಿಷನ್ ನಿಮ್ದು ಕಣಮ್ಮ. ನಾವು ಮುಟ್ಟೋ ಹಾಗಿಲ್ಲ."

ಅವರು ಹೇಳಿದ್ದೂ ನಿಯಮವೇ. ಅವರು ಮುಂದೆ ಹೋದರು. ಅವಳ ಕೈ ಇಳಿಯಲಿಲ್ಲ. ತಿರುಗಿ ಕಿಟಕಿಯತ್ತ ನೋಡಿದಳು. ಮೇಷ್ಟ್ರು ಕಂಡರು. ಆಗ ಅವಳ ಮುಖ ಪೂರ್ತಿ ನಿರಾಳವಾಯಿತು. ಸಾರ್ ನೋಡಿದರು, ಇನ್ನೇನು ಬರುತ್ತಾರೆ ಎಂದುಕೊಂಡಳು. ಬೆನ್ನು ನೆಟ್ಟಗೆ ಮಾಡಿ, ಕಲಿಸಿದ ಹಾಗೆ ಮುಂದಕ್ಕೆ ನೋಡುತ್ತಾ, ಕೈ ಎತ್ತಿಕೊಂಡೇ ಕೂತಳು.

ಮೇಷ್ಟ್ರು ಬೆರಳು ಆಡಿಸಿ ಬಿಡಿಸು, ಬಿಡಿಸು ಎಂದು ಸನ್ನೆ ಮಾಡಿದರು. ಅವಳು ಮತ್ತೆ ತಿರುಗಲಿಲ್ಲ. ಕೂಗಿದರೆ ಅವಳ ಪರೀಕ್ಷೆ ಹೋಗುತ್ತದೆ, ಕೂಗದಿದ್ದರೂ ಹೋಗುತ್ತದೆ. ನಾನು ಬಾಯಿ ತೆರೆದೆ. ಮೇಷ್ಟ್ರು ನನ್ನ ಬಾಯಿಗೆ ತಮ್ಮ ಅಂಗೈ ಅಡ್ಡ ಹಿಡಿದರು. "ಬೇಡಮ್ಮ, ರದ್ದು ಮಾಡ್ತಾರೆ. ತಾನಾಗೇ ಬಿಡಿಸ್ತಾಳೆ, ಜಾಣೆ ಅವಳು" ಎಂದರು. ಜಾಣೆಯಾಗಿದ್ದಕ್ಕೇ ಅವಳು ಕೈ ಎತ್ತಿದ್ದಳು. ಸುತ್ತಲೂ ಎಲ್ಲರೂ ಬಡಿಯುತ್ತಿದ್ದರು, ಅವಳೊಬ್ಬಳ ಮಿಷನ್ ಸುಮ್ಮನಿತ್ತು. ಕೈ ಸೋತಾಗ ಎಡಗೈಯಿಂದ ಬಲಗೈಗೆ ಆಸರೆ ಕೊಟ್ಟುಕೊಂಡಳು. ಹಾಗೆಯೇ ಗಂಟೆ ಹೊಡೆಯಿತು.

ಕಾಗದ ತೆಗೆದುಕೊಂಡು ಹೋದ ಮೇಲೆ ಮಿಷನ್ ಎತ್ತಲು ಮೇಷ್ಟ್ರನ್ನು ಒಳಗೆ ಬಿಟ್ಟರು, ಅವರ ಹಿಂದೆ ನಾನೂ ಹೋದೆ. ಅವರು ಅಭ್ಯಾಸಬಲದಿಂದ ತೋರುಬೆರಳಿನಿಂದ ಕಡ್ಡಿಗಳನ್ನು ಮೆಲ್ಲಗೆ ಮೀಟಿದರು. ಎರಡೂ ಟಕ್ಕನೆ ಬಿದ್ದವು.

"ಇಷ್ಟೇನಾ ಸಾರ್?" ಎಂದು ಕೇಳಿದಳು.

ಮೇಷ್ಟ್ರು ಮಿಷನ್ನನ್ನು ಗೋಣಿಯಲ್ಲಿ ಸುತ್ತಲು ಹೋದರು, ಸುತ್ತಲು ಬರಲಿಲ್ಲ. ನಾವಿಬ್ಬರೂ ಸುತ್ತಿಕೊಟ್ಟೆವು.

ಅವರು ಕೆಟ್ಟವರಲ್ಲ. ಫಲಿತಾಂಶ ಬಂದ ವಾರವೇ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಅವಳ ಜೊತೆ ಆ ಸಾಹೇಬರ ಹತ್ತಿರ ಹೋದರು. ನನ್ನನ್ನೂ ಕರೆದರು, ಒಬ್ಬಳೇ ಹುಡುಗಿಯನ್ನು ಕರೆದೊಯ್ಯುವುದು ಚೆನ್ನಾಗಿರುವುದಿಲ್ಲವೆಂದು. ಯಾರ ಮುಂದೆಯೂ ತಲೆ ಬಾಗಿಸದವರು ಅಲ್ಲಿ ನಿಂತುಕೊಂಡೇ ಮಾತಾಡಿದರು. "ತಪ್ಪು ನನ್ನದು ಸ್ವಾಮಿ. ಇಲ್ಲೇ ಒಂದು ಮಿಷನ್ ಕೊಟ್ಟು ನೋಡಿ, ನಿಮ್ಮ ಆಫೀಸಲ್ಲಿ ಇವಳಷ್ಟು ಚೆನ್ನಾಗಿ ಹೊಡೆಯೋರು ಇಲ್ಲ."

ಸಾಹೇಬರು ಅವಳನ್ನೇ ಕೇಳಿದರು. "ಅಲ್ಲಮ್ಮ, ಕೈಯಲ್ಲಿ ಬಿಡಿಸ್ಕೊಳ್ಳೋಕೆ ಏನಾಗಿತ್ತು?"

"ಮುಟ್ಟಬಾರದು ಅಂತ ಹೇಳಿದ್ರು ಸಾರ್."

ಅವರು ನಕ್ಕರು. ಕೆಡುಕಿನ ನಗೆಯಲ್ಲ, ಮಕ್ಕಳ ಮಾತಿಗೆ ನಗುವ ಹಾಗೆ. "ಹೇಳಿದ್ದಷ್ಟೇ ಮಾಡೋರು ನಮ್ಮಲ್ಲಿ ಬೇಕಾದಷ್ಟು ಜನ ಇದಾರಮ್ಮ. ಸ್ವಂತ ಬುದ್ಧಿ ಓಡಿಸೋರು ಬೇಕು." ಆಮೇಲೆ, ಪಾಸಾಗದವರಿಗೆ ಕೆಲಸ ಕೊಡಲು ತಮ್ಮ ನಿಯಮದಲ್ಲಿ ಅವಕಾಶವಿಲ್ಲವೆಂದೂ ಹೇಳಿದರು.

ನನಗೆ ಕೋಪ ಬಂದದ್ದು ಆಗ. ಈಗಲೂ ಅದು ಇಳಿದಿಲ್ಲ. ಹುಟ್ಟಿದಂದಿನಿಂದ ಅವಳಿಗೆ, ನನಗೆ, ನಮ್ಮಂಥ ಎಲ್ಲ ಹುಡುಗಿಯರಿಗೆ ಕಲಿಸಿದ್ದು ಒಂದೇ. ಕೇಳದೆ ಹೊಸ್ತಿಲು ದಾಟಬೇಡ, ಕೇಳದೆ ಮಾತಾಡಬೇಡ, ಕೇಳದೆ ಮುಟ್ಟಬೇಡ. ಹೇಳಿದಂತೆ ಕೇಳಿದರೆ ಒಳ್ಳೆಯ ಹುಡುಗಿ. ಅದನ್ನು ಅಚ್ಚುಕಟ್ಟಾಗಿ ಕಲಿತು ಬಂದವಳ ಮುಂದೆ ಕೂತು ಸ್ವಂತ ಬುದ್ಧಿ ಎಲ್ಲಿ ಎಂದು ಕೇಳುತ್ತಾರಲ್ಲ, ಇವರ ಮನೆ ಹಾಳಾಗ! ಮೇಷ್ಟ್ರ ಮೇಲಿನ ಕೋಪ ಬೇರೆ. ಅವರನ್ನು ಕಂಡರೆ ಪಾಪ ಅನ್ನಿಸುತ್ತಿತ್ತು, ಆದರೂ ಮತ್ತೆ ಆ ಮಾಳಿಗೆ ಹತ್ತಲು ನನಗೆ ಮನಸ್ಸು ಬರಲಿಲ್ಲ.

ಮನೆ ಖಾಲಿ ಮಾಡುವ ದಿನ ನಾನು ಭದ್ರಾವತಿಗೆ ಹೋದೆ. ಅವರು ದಾವಣಗೆರೆಯಲ್ಲಿ ಸೋದರಮಾವನ ಮನೆಯ ಹಿಂದಿನ ಕೋಣೆಗೆ ಹೋಗುವವರಿದ್ದರು. ಅವಳನ್ನು ಅಲ್ಲೇ ಯಾರಿಗೋ ಎರಡನೆಯ ಸಂಬಂಧಕ್ಕೆ ಮಾತಾಡಿಯೂ ಆಗಿತ್ತು. ಗಾಡಿಗೆ ಪೆಟ್ಟಿಗೆ, ಹಾಸಿಗೆ, ಹಂಡೆ ಏರಿಸಿದೆವು. ಅವಳ ಅಮ್ಮಿ, ಮುಂದೆ ಬರುವವರು ನಮ್ಮನ್ನು ಬೈದುಕೊಳ್ಳಬಾರದೆಂದು ಖಾಲಿ ಮನೆಯನ್ನು ಗುಡಿಸಿ ನೆಲ ಒರೆಸಿದರು. ಕಾರ್ಖಾನೆಯ ನೌಕರನೊಬ್ಬ ಬಂದು ಕಿಟಕಿ, ನಲ್ಲಿ, ಬಲ್ಬು ಎಲ್ಲ ಸರಿಯಿವೆಯೇ ನೋಡಿ ಬೀಗದ ಕೈ ಇಸಿದುಕೊಂಡ. ಬೀಗವನ್ನು ಇನ್ನೂ ಹಾಕಿರಲಿಲ್ಲ. ಅಷ್ಟರಲ್ಲಿ ಅವಳು ಗಾಡಿಯಿಂದ ಇಳಿದು ಬಾಗಿಲ ಕಡೆ ನಡೆದಳು.

"ಏ, ಇನ್ನು ಒಳಗೆ ಹೋಗೋ ಹಾಗಿಲ್ಲಮ್ಮ. ಬೀಗದ ಕೈ ಕೊಟ್ಟಾಯ್ತು. ಹೋಗ್ಬೇಕಂದ್ರೆ ಆಫೀಸಲ್ಲಿ ಕೇಳ್ಕೊಂಡು ಬರ್ಬೇಕು" ಎಂದ ಅವನು.

ಅವಳು ನಿಲ್ಲಲಿಲ್ಲ. ಅವನ ಪಕ್ಕದಿಂದಲೇ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಒದ್ದೆ ನೆಲದ ಮೇಲೆ ಅವಳ ಹೆಜ್ಜೆಗಳು ಮೂಡಿದವು. ಅವನು ಗೊಣಗುತ್ತಾ ಅಲ್ಲೇ ನಿಂತ. ಸ್ವಲ್ಪ ಹೊತ್ತಿಗೆ ಅವಳು ಬಂದಳು, ಬರಿಗೈಯಲ್ಲಿ.

"ಏನೇ ಮರ್ತಿದ್ದೆ?" ಎಂದು ಕೇಳಿದೆ.

"ಏನೂ ಮರ್ತಿರ್ಲಿಲ್ಲ. ಕೇಳ್ದೆ ಹೋದ್ರೆ ಏನಾಗುತ್ತೆ ನೋಡೋಣ ಅಂತ ಹೋದೆ." ಗಾಡಿಯ ಪಟ್ಟಿ ಹಿಡಿದುಕೊಂಡು ನಿಂತಳು. ಪರೀಕ್ಷೆಯ ದಿನವೂ ಅಳದವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. "ಏನೂ ಆಗ್ಲಿಲ್ಲ ನೋಡೇ, ಮಾರಾಯ್ತಿ. ಏನೂ ಆಗಲ್ಲ."