ಪರದೆಯ ಹಿಂದೆ ನಕ್ಕವಳು

ಬಂಡ್ರಿಯ ಟೆಂಟ್ ಟಾಕೀಸಿನಲ್ಲಿ ದೆವ್ವವಾಗಿ ನಕ್ಕಿದ್ದರ ಕೂಲಿ ಬಸಕ್ಕನಿಗೆ ಇನ್ನೂ ಬಂದಿಲ್ಲ. ಕೊಡಬೇಕಾದವನು ಮಾಲೀಕ ಕೊಟ್ರಯ್ಯ. ಅವನಿಗೆ ತಪ್ಪಿಸಿಕೊಳ್ಳುವ ದಾರಿ ಮಾಡಿಕೊಟ್ಟವನು ಸಿನಿಮಾ ಮಷೀನು ಓಡಿಸುತ್ತಿದ್ದ ಹುಲುಗಪ್ಪ. ಇದು ಹುಲುಗಪ್ಪನ ಕತೆ.

ಅದಿರಿನ ಲಾರಿಗಳು ಊರನ್ನೆಲ್ಲ ಕೆಂಪು ಮಾಡಿದ ವರ್ಷಗಳು. ಲೋಡಿಗೆ ಕಾಯುವ ಡ್ರೈವರು, ಕ್ಲೀನರುಗಳಿಗೆ ಸಂಜೆಯಾದರೆ ಟೆಂಟೇ ಗತಿ. ಅವರಿಗಾಗಿ ಹುಲುಗಪ್ಪ ಹಳೆಯ ಕಪ್ಪು-ಬಿಳುಪು ದೆವ್ವದ ಚಿತ್ರವೊಂದನ್ನು ತಂದು ಹಾಕಿದ. ಅದರಲ್ಲಿ ಎಲುಬುಗೂಡು ಕುಣಿಯುವಾಗ ಮೇಲಿನ ದಾರ ಕಾಣುತ್ತಿತ್ತು, ಬಾವಲಿಯ ರೆಕ್ಕೆ ಹರಿದ ಕೊಡೆಯ ಬಟ್ಟೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ಆದರೆ ಬಿಳಿ ಸೀರೆಯವಳು ಬಾವಿಯಿಂದ ಎದ್ದು ಬೆನ್ನು ಮಾಡಿ ನಿಂತಾಗ ನೆಲದ ಮೇಲೆ ಕೂತವರು ಕಾಲು ಮಡಚಿಕೊಳ್ಳುತ್ತಿದ್ದರು.

ಕೊನೆಯ ರೀಲಿನಲ್ಲಿ ದನಿ ಅಚ್ಚಾದ ಅಂಚು ಸವೆದು ದನಿ ಸತ್ತಿತ್ತು. ದೆವ್ವ ಬಾಯಿ ತೆರೆದರೆ ಬರೀ ಗರಗರ. ಒಂದು ಸಂಜೆ ಜನ ಗದ್ದಲ ಎಬ್ಬಿಸಿದಾಗ, ಬಾಗಿಲಲ್ಲಿ ಮಿರ್ಚಿ ಭಜಿ ಮಾರುವ ಬಸಕ್ಕ ಪರದೆಯ ಹಿಂದೆ ಹೋಗಿ ತಾನೇ ನಕ್ಕಳು. ಮೊದಲು ಕೂಸು ನಕ್ಕಂತೆ, ಆಮೇಲೆ ಕೆಮ್ಮಿದಂತೆ, ಕೊನೆಗೆ ನಮ್ಮ ಬೆನ್ನ ಹಿಂದೆಯೇ ಯಾರೋ ಕೂತು ನಕ್ಕಂತೆ. ಟೆಂಟು ತಣ್ಣಗಾಯಿತು. ಮರುದಿನ ಕೊಟ್ರಯ್ಯ ಆಟಕ್ಕಿಷ್ಟು ಅಂತ ಕೂಲಿ ಒಪ್ಪಿ, ಸೀಜನ್ ಮುಗಿದ ಮೇಲೆ ಕೊಡುತ್ತೇನೆ ಅಂದ.

ಹುಲುಗಪ್ಪನ ಹೊಟ್ಟೆಗೆ ಅಂದೇ ಬೆಂಕಿ ಬಿತ್ತು. ಹರಿದ ರೀಲು ಅಂಟಿಸಿದವನು ಅವನು, ಮಷೀನಿನ ಹೊಗೆ ಕುಡಿದವನು ಅವನು. ಇಷ್ಟು ವರ್ಷದಲ್ಲಿ ಯಾರೂ ಹಿಂದೆ ತಿರುಗಿ ಅವನ ಕಿಂಡಿ ನೋಡಿರಲಿಲ್ಲ. ಈಗ ಡ್ರೈವರುಗಳು ಮಿರ್ಚಿ ಕೊಳ್ಳುತ್ತ, ಒಂದು ಸಲ ನಗು ಅಂತ ಬಸಕ್ಕನನ್ನು ಗೋಗರೆಯುತ್ತಿದ್ದರು. ಮಕ್ಕಳು ಆ ನಗು ಕಲಿತು ಲಾರಿಗಳ ಹಿಂದೆ ನಗುತ್ತ ಓಡುತ್ತಿದ್ದವು. ಯಾರೂ ಇಲ್ಲವೆಂದುಕೊಂಡು ಹುಲುಗಪ್ಪ ಮನೆಯಲ್ಲಿ ತಾನೂ ನಕ್ಕು ನೋಡಿದ. ಒಳಗಿನಿಂದ ಹೆಂಡತಿ ತಾಯಕ್ಕ ಕೇಳಿದಳು: "ಯಾಕ, ಹೊಟ್ಟಿ ನೋಯಾಕತ್ತೇತೇನ್ರಿ?"

ತಡೆಯಲಾಗಲಿಲ್ಲ. ಹೊಸಪೇಟೆಗೆ ಹೋಗಿ, ಮುಚ್ಚಿದ ಟಾಕೀಸೊಂದರಿಂದ ಅದೇ ಚಿತ್ರದ ದನಿಯಿರುವ ರೀಲು ತಂದು ಏರಿಸಿದ. ಆ ಸಂಜೆ ದೆವ್ವ ತಾನೇ ನಕ್ಕಿತು. ಪರದೆಯ ಹಿಂದೆ ಬಸಕ್ಕ ತೆರೆದ ಬಾಯಿ ಮುಚ್ಚಿದಳು. ಮುಂದೆ ಕೂತಿದ್ದ ಡ್ರೈವರೊಬ್ಬ ಕೂಗಿದ: "ಲೇ ಹುಲುಗ್ಯಾ, ಈ ಡೂಪ್ಲಿಕೇಟ್ ಬ್ಯಾಡ. ನಮ್ಮ ದೆವ್ವ ಕರಿಯಲೇ."

ಗೆದ್ದವನು ಕೊಟ್ರಯ್ಯ. ಸೀಜನ್ ಮುಗಿದಾಗ ಹೊಸ ರೀಲು ತೋರಿಸಿ, ನಗು ಮೊದಲಿನಿಂದಲೂ ಇದರಲ್ಲೇ ಇತ್ತು, ಯಾವ ಕೂಲಿ ಅಂದ. ಟೆಂಟು ಕಿತ್ತು ಜಾಗವನ್ನು ಅದಿರು ಸುರಿಯಲು ಬಾಡಿಗೆಗೆ ಕೊಟ್ಟ. ನಾವು ಊರಿನ ಕೂಲಿಕಾರರ ಸಂಘದವರು ಪಂಚರನ್ನು ಕೂಡಿಸಿದೆವು. ರೀಲು ತಂದವನೆಂದು ಹುಲುಗಪ್ಪನನ್ನೇ ಸಾಕ್ಷಿಗೆ ಕರೆದರು. ನಿಜ ಹೇಳಿದರೆ ಹೆಸರೆಲ್ಲ ಅವಳದೇ. ಆದರೂ ಬಸಕ್ಕನ ಕಡೆ ನೋಡದೆ ಹೇಳಿದ:

"ನಗು ಆಕಿದು. ರೀಲಿನ್ಯಾಗಿಂದು ಅಷ್ಟು ಚಲೋ ಇಲ್ಲ. ಆಕಿ ನಗೂದು ನನಗ ತಡ್ಕಳಾಕ ಆಗ್ಲಿಲ್ಲ, ಅದಕ್ಕ ಬ್ಯಾರೇದು ತಂದೆ."

"ಅಷ್ಟು ಉರೀತಿತ್ತೇನಣ್ಣ?" ಅಂದಳು ಬಸಕ್ಕ.

"ಈಗೂ ಉರೀತೇತಿ."

ಒಬ್ಬನ ಸಾಕ್ಷಿ ಸಾಲದು ಅಂದು ಪಂಚರು ಎದ್ದರು. ಆ ಟೆಂಟಿನಲ್ಲಿ ಕಾಲು ಮಡಚಿ ಕೂತ ನೀವು ಬಾಯಿ ಮುಚ್ಚಿಕೊಂಡು ಸಂಘದ ಈ ಕರಪತ್ರ ಓದುತ್ತಿದ್ದೀರಿ. ಕೊಟ್ರಯ್ಯನ ಅಂಗಳಕ್ಕೆ ಬನ್ನಿ. ಯಾರ ನಗುವಿಗೆ ಹೆದರಿದಿರಿ ಅಂತ ಅವನ ಮುಖಕ್ಕೆ ಹೇಳಿ.